ಮದುವೆ ಕಾರ್ಡು ಹಿಡಿದು ಬೆಂಗಳೂರು ನೋಡಿದ್ದು

ಮದುವೆ ಮಾಡುವುದು ಅಷ್ಟೇನೂ ಕಷ್ಟವಲ್ಲ, ಮದುವೆಗೆ ಕರೆಯುವುದು ಕಷ್ಟ. ನಮ್ಮ ಬಳಗದಲ್ಲಿ ಯಾರು ಮದುವೆ ಮಾಡಿದರೂ ಬೆಂಗಳೂರಿಗೆ ಕಾರ್ಡು ಹಂಚಲು ನನ್ನನ್ನು ಜೊತೆಗೆ ಕರೆದೊಯ್ಯುತ್ತಾರೆ, ಹೋದಾಗಲೆಲ್ಲ ಏನಾದರೊಂದು ಎಡವಟ್ಟು ಆಗಿಯೇ ತೀರುತ್ತದೆ. ನಾನು ಆಂಧ್ರದ ಅನಂತಪುರ ಜಿಲ್ಲೆಯ ಕಲ್ಯಾಣದುರ್ಗದ ಬಸ್ ಸ್ಟ್ಯಾಂಡ್ ಹತ್ತಿರ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿರುವವನು. ಮೂವತ್ತು ವರ್ಷದ ಹಿಂದೆ ಆರು ತಿಂಗಳು ಬೆಂಗಳೂರಿನ ಪ್ರಿಂಟಿಂಗ್ ಪ್ರೆಸ್ಸೊಂದರಲ್ಲಿ ಕೆಲಸಕ್ಕಿದ್ದೆ. ಅಷ್ಟಕ್ಕೇ "ಅವನಿಗೆ ಬೆಂಗಳೂರು ಪೂರ್ತಿ ಗೊತ್ತು" ಎಂಬ ಹೆಸರು ಬಂದುಬಿಟ್ಟಿದೆ. ಬಂದ ಹೆಸರನ್ನು ನಾನೇಕೆ ಕೆಡಿಸಿಕೊಳ್ಳಲಿ?

ಈ ಸಲದ್ದು ಅಣ್ಣನ ಮಗಳ ಮದುವೆ. ಅಣ್ಣ ಕಂಬದೂರಿನ ಕಡೆ ಕಡ್ಲೆಕಾಯಿ ಬೆಳೆಯುತ್ತಾನೆ, ಮಾತು ಬಹಳ ಕಡಿಮೆ. ಮದುಮಗಳು "ವಾಟ್ಸ್ಯಾಪಲ್ಲಿ ಹಾಕಿದ್ರೆ ಸಾಕು ಕಣ್ ಚಿಕ್ಕಪ್ಪ" ಅಂದಳು. ಅತ್ತಿಗೆ ಒಪ್ಪಲಿಲ್ಲ. ಒಪ್ಪದಿರಲು ಕಾರಣವಿತ್ತು. ನಮ್ಮ ಕಡೆ ಹೆಣ್ಣನ್ನು ಧಾರೆ ಮಂಟಪಕ್ಕೆ ಹೊತ್ತು ತರುವವನು ಸೋದರಮಾವ. ಅತ್ತಿಗೆಗೆ ಇರುವುದು ಒಬ್ಬನೇ ತಮ್ಮ, ಬೆಂಗಳೂರಿನ ಬನಶಂಕರಿಯಲ್ಲಿದ್ದಾನೆ. ಹನ್ನೊಂದು ವರ್ಷದ ಹಿಂದೆ ಅಣ್ಣನ ಮನೆ ಗೃಹಪ್ರವೇಶಕ್ಕೆ ಅವನನ್ನು ಫೋನಿನಲ್ಲಿ ಕರೆದಿದ್ದೆವು. ಮನೆಗೆ ಬಂದು ಕುಂಕುಮ ಇಟ್ಟು ಕರೆಯಲಿಲ್ಲವೆಂದು ಅವತ್ತು ಮುನಿಸಿಕೊಂಡವನು ಮತ್ತೆ ಇತ್ತ ತಲೆ ಹಾಕಿಲ್ಲ.

"ಅವನು ಬರ್ದಿದ್ರೆ ನನ್ ಮಗಳು ಒಬ್ಳೇ ನಡ್ಕಂಡು ಮಂಟಪಕ್ಕೆ ಬರ್ಬೇಕಾಯ್ತದೆ ಕಣಪ್ಪ. ನಂಗೆ ತೌರೇ ಇಲ್ಲ ಅಂದಂಗಾಯ್ತದೆ" ಎಂದು ಅತ್ತಿಗೆ ಕಣ್ಣೊರೆಸಿಕೊಂಡಳು. ನಾನು ಕಾರ್ಡಿನ ಕಟ್ಟು ಎಣಿಸುವವನ ಹಾಗೆ ತಲೆ ಬಗ್ಗಿಸಿದೆ. ಯಾಕೆಂದರೆ ಆ ಫೋನು ಮಾಡಿದವನು ನಾನೇ.

ಅಣ್ಣ, ಅತ್ತಿಗೆ, ನಾನು ಮೂವರೂ ಹೊರಟೆವು. ಹಿಂದೂಪುರದಲ್ಲಿ ಬೆಳಗಿನ ರೈಲು ಹತ್ತುವ ಮೊದಲೇ ನಾನೂ ಅಣ್ಣನೂ ಗುಟ್ಟಾಗಿ ತೀರ್ಮಾನ ಮಾಡಿಕೊಂಡೆವು. ಆ ಮನೆ ಕೊನೆಗಿರಲಿ. ಮೊದಲೇ ಹೋಗಿ ಉಗಿಸಿಕೊಂಡರೆ ಉಳಿದ ಮನೆಗಳಿಗೆ ಯಾವ ಮುಖ ಹೊತ್ತು ಹೋಗುವುದು?

ಯಲಹಂಕ: ಬೇಡದ ಪಾರ್ಸೆಲ್ಲು

ಯಲಹಂಕದಲ್ಲಿ ಇಳಿದರೆ ಕತ್ತೆತ್ತಿ ನೋಡಬೇಕಾದ ಅಪಾರ್ಟ್‌ಮೆಂಟುಗಳು. ಹನ್ನೊಂದನೇ ಮಹಡಿಯಲ್ಲಿ ನಮ್ಮ ಸೋದರತ್ತೆಯ ಮೊಮ್ಮಗಳು ಇದ್ದಾಳೆ. ಗೇಟಿನಲ್ಲಿ ಸೆಕ್ಯುರಿಟಿಯವನು ನಮ್ಮನ್ನು ತಡೆದು ಮೊಬೈಲು ತೆಗೆದ.

"ಏನು ಕೆಲಸ?"

"ಮದ್ವೆಗೆ ಕರ್ಯಾಕೆ ಬಂದಿದ್ದೀವಪ್ಪ" ಎಂದಳು ಅತ್ತಿಗೆ.

ಅವನು ಮೊಬೈಲಿನಲ್ಲಿ ಮೇಲೆ ಕೆಳಗೆ ಹುಡುಕಿದ. ಅದರಲ್ಲಿ ಕ್ಯಾಬು ಇತ್ತು, ಮನೆಗೆಲಸ ಇತ್ತು, ಪ್ಲಂಬರ್ ಇತ್ತು, ಮದುವೆಗೆ ಕರೆಯುವವರು ಇರಲಿಲ್ಲ. ಅಣ್ಣನ ಹೆಗಲ ಮೇಲಿದ್ದ ಕಡ್ಲೆಕಾಯಿ ಚೀಲ ನೋಡಿ "ಡೆಲಿವರಿ" ಎಂದು ಒತ್ತಿ, ಮೂವರನ್ನೂ ಸಾಲಾಗಿ ನಿಲ್ಲಿಸಿ ಫೋಟೋ ಹೊಡೆದು ಮೇಲಕ್ಕೆ ಕಳಿಸಿದ. ಅತ್ತಿಗೆ ಫೋಟೋಗೆಂದು ಸೆರಗು ಸರಿಮಾಡಿಕೊಂಡಳು.

ಅರ್ಧ ನಿಮಿಷಕ್ಕೆ ಅವನ ಮೊಬೈಲು ಟಿಣ್ ಎಂದಿತು. ಅವನು ಓದಿ, ಪಾಪ, ಬೇಜಾರು ಮಾಡಿಕೊಂಡೇ ಹೇಳಿದ: "ಮೇಡಂ ಬೇಡ ಅಂತಿದ್ದಾರೆ. ಅವರು ಏನೂ ಆರ್ಡರ್ ಮಾಡಿಲ್ವಂತೆ, ವಾಪಸ್ ತಗೊಂಡು ಹೋಗಬೇಕಂತೆ."

ಮಲ್ಲೇಶ್ವರಂ: ದಾರಿ ತೋರಿದ ಹಿರಿಯರು

ಫೋನು ಮಾಡಿದ ಮೇಲೆ ಆ ಹುಡುಗಿ ಓಡೋಡಿ ಕೆಳಗೆ ಬಂದು, ನಾಚಿಕೊಂಡು, ದೋಸೆ ಹಾಕಿಕೊಟ್ಟು, ತನ್ನ ಕಾರಿನಲ್ಲೇ ನಮ್ಮನ್ನು ಮಲ್ಲೇಶ್ವರಕ್ಕೆ ಬಿಟ್ಟಳು. ಯಲಹಂಕದಲ್ಲಿ ಗೇಟಿನವನು ಬಿಟ್ಟರೆ ಮನುಷ್ಯರೇ ಕಂಡಿರಲಿಲ್ಲ. ಮಲ್ಲೇಶ್ವರಂ ಹಾಗಲ್ಲ. ಮರದ ನೆರಳು, ಹೂವಿನ ಬುಟ್ಟಿ, ಕಾಫಿ ಪುಡಿ ವಾಸನೆ, ಪ್ರತಿ ಗೇಟಿನ ಹತ್ತಿರ ಒಬ್ಬರು ಹಿರಿಯರು. ನಾನು ಕೆಲಸ ಮಾಡಿದ ಪ್ರೆಸ್ಸು ಇದೇ ಕಡೆ ಇದ್ದುದರಿಂದ ಇಲ್ಲಿ ನನ್ನ ದರ್ಬಾರು.

"ಬನ್ನಿ, ಕಣ್ಣು ಮುಚ್ಕಂಡು ಕರ್ಕಂಡು ಹೋಯ್ತೀನಿ" ಅಂದೆ. ಮುಚ್ಚಿಕೊಂಡಿದ್ದರೂ ನಡೆಯುತ್ತಿತ್ತು, ತೆರೆದುಕೊಂಡೇ ಒಂದು ಗಂಟೆ ಸುತ್ತಿದ್ದಾಯಿತು.

"ಅವನ ಮನೆ ಇಲ್ಲೆಲ್ಲೂ ಹತ್ರ ಇಲ್ವಾ?" ಎಂದು ಅತ್ತಿಗೆ ತಮ್ಮನ ಮನೆ ವಿಷಯ ತೆಗೆದಳು. "ಅದು ಊರಾಚೆ" ಎಂದು ನಾನು ತೇಲಿಸಿದೆ.

ಕೊನೆಗೆ ಬಿಳಿ ಪಂಚೆಯ ಹಿರಿಯರೊಬ್ಬರನ್ನು ನಮ್ಮ ನೆಂಟರ ಮನೆಯ ವಿಳಾಸ ಕೇಳಿದೆವು. ಅವರು ಚೀಟಿ ನೋಡಿ, "ಬನ್ನಿ ಬನ್ನಿ" ಎಂದು ಕೋಲೂರಿಕೊಂಡು ಮುಂದೆ ಹೊರಟೇಬಿಟ್ಟರು. ಅವರ ಹಿಂದೆ ನಾವು. ಈ ಮನೆಯಲ್ಲಿ ಸಂಗೀತದವರಿದ್ದಿರಬೇಕು, ಈ ಮರಕ್ಕೆ ನೂರು ವರ್ಷವಾಗಿರಬೇಕು ಎಂದು ಮಾತಾಡುತ್ತಾ ನಾಲ್ಕು ಕ್ರಾಸು ದಾಟಿಸಿದರು. ಐದನೆಯದರಲ್ಲಿ ಅಣ್ಣ ಕಾಲು ನೋವೆಂದು ಕಟ್ಟೆಯ ಮೇಲೆ ಕೂತ. ಅವರೂ ಪಕ್ಕದಲ್ಲಿ ಕೂತರು.

"ಇನ್ನೆಷ್ಟು ದೂರ ಸ್ವಾಮಿ?" ಅಂದೆ.

"ಗೊತ್ತಿಲ್ಲಪ್ಪ, ನಾನು ಇಲ್ಲಿಯವನಲ್ಲ. ಮಗಳ ಮನೆಗೆ ಬಂದು ಎರಡು ದಿನ ಆಯ್ತು. ಬೆಳಿಗ್ಗೆ ವಾಕಿಂಗ್ ಬಂದವನಿಗೆ ದಾರಿ ತಪ್ಪಿತು. ನಿಮ್ಮನ್ನು ನೋಡಿ ಊರು ಗೊತ್ತಿರುವ ಜನ ಅನ್ನಿಸಿತು, ಜೊತೆಗೆ ಬಂದೆ."

ವಿಜಯನಗರ: ಯಾರ ಕಡೆಯವರು?

ಆ ಹಿರಿಯರನ್ನು ಅವರ ಮಗಳ ಮನೆ ಮುಟ್ಟಿಸಿ, ನಮ್ಮ ನೆಂಟರಿಗೆ ಕಾರ್ಡನ್ನೂ ಕೊಟ್ಟು ವಿಜಯನಗರಕ್ಕೆ ಬರುವಾಗ ಸಂಜೆ ನಾಲ್ಕು ಗಂಟೆ. ಇಲ್ಲಿಯ ಬೀದಿಗಳಿಗೆ ಹೆಸರಿಗಿಂತ ನಂಬರು ಜಾಸ್ತಿ. ಮನೆಗಳು ಗೋಡೆಗೆ ಗೋಡೆ ಅಂಟಿಕೊಂಡಿವೆ, ಒಂದು ಮನೆಯ ಒಗ್ಗರಣೆಗೆ ಮೂರು ಮನೆಯವರು ಸೀನುತ್ತಾರೆ. ಅತ್ತಿಗೆಗೆ ಈ ಏರಿಯಾ ನೋಡಿದ ಕೂಡಲೇ ಇಷ್ಟವಾಯಿತು.

ನಾವು ಹೋಗಬೇಕಾದದ್ದು ದೊಡ್ಡಪ್ಪನ ಮೊಮ್ಮಗನ ಮನೆಗೆ. ಅವನನ್ನು ಚಡ್ಡಿ ಹಾಕುತ್ತಿದ್ದಾಗ ನೋಡಿದ್ದು, ಅವನ ಹೆಂಡತಿಯನ್ನಂತೂ ನೋಡಿಯೇ ಇಲ್ಲ. ಮನೆ ಸಿಕ್ಕಿತು. ಬಾಗಿಲು ತೆಗೆದ ಹೆಣ್ಣುಮಗಳು ನಮ್ಮನ್ನು ನೋಡಿ ನಕ್ಕು "ಬನ್ನಿ, ಬನ್ನಿ, ಒಳಗೆ ಬನ್ನಿ" ಅಂದಳು. ಗಂಡ ಸ್ನಾನಕ್ಕೆ ಹೋಗಿದ್ದ. ಬರುವಷ್ಟರಲ್ಲಿ ನಮ್ಮ ಕೈಯಲ್ಲಿ ಉಪ್ಪಿಟ್ಟಿತ್ತು. ಅವನೂ ನಕ್ಕ, ಕಾಲಿಗೆ ನಮಸ್ಕಾರ ಮಾಡಿದ. ಅತ್ತಿಗೆ ಇಬ್ಬರನ್ನೂ ಒಟ್ಟಿಗೆ ನಿಲ್ಲಿಸಿ ಕುಂಕುಮ ಇಟ್ಟು, ಅಕ್ಷತೆ ಕೊಟ್ಟು, ಕಾರ್ಡು ಕೈಗಿತ್ತಳು.

"ಎರಡು ದಿನ ಮುಂಚೇನೇ ಬಂದ್ಬುಡ್ಬೇಕು ಕಣಮ್ಮ. ನೀವೇ ನಿಂತು ಮಾಡ್ಬೇಕು."

"ಖಂಡಿತ" ಅಂದರು ಇಬ್ಬರೂ.

ಎಲ್ಲ ಮುಗಿದು ಎದ್ದು ನಿಂತಾಗ ಅಣ್ಣ ಗೋಡೆಯ ಮೇಲಿನ ಹಾರ ಹಾಕಿದ ಫೋಟೋ ನೋಡಿ ನನ್ನನ್ನು ತಿವಿದ. "ಲೇ, ಇದು ದೊಡ್ಡಪ್ಪ ಅಲ್ಲ ಕಣ್ಲಾ."

ನಾನು ಚೀಟಿ ತೆಗೆದೆ. ನಮ್ಮದು ಐದನೇ ಮೇನು ಎಂಟನೇ ಕ್ರಾಸು. ನಿಂತಿದ್ದು ಎಂಟನೇ ಮೇನು ಐದನೇ ಕ್ರಾಸು. ತಡವರಿಸಿಕೊಂಡು ವಿಷಯ ಹೇಳಿದೆ. ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು.

"ನಾನು ಇವರನ್ನ ನಿಮ್ಮ ಕಡೆಯವರು ಅಂದ್ಕೊಂಡೆ" ಅಂದಳು ಆಕೆ.

"ನಿಮ್ಮ ಕಡೆಯವರು ಅಂತ ತಾನೇ ನಾನು ಕಾಲಿಗೆ ಬಿದ್ದಿದ್ದು!" ಅಂದ ಅವನು.

ಕಾರ್ಡು ವಾಪಸ್ ಕೊಡಲು ಅವರು ಕೈ ಚಾಚಿದರು. ಅತ್ತಿಗೆ ಎರಡು ಹೆಜ್ಜೆ ಹಿಂದೆ ಸರಿದಳು. "ಕುಂಕುಮ ಇಟ್ಟು ಕರ್ದಾಯ್ತು. ಈಗ ನೀವೇ ನಮ್ಮೋರು. ಬರ್ಲೇಬೇಕು."

ಆ ದಂಪತಿ ಮಾತಿಗೆ ತಪ್ಪಲಿಲ್ಲ. ಮದುವೆಗೆ ಎರಡು ದಿನ ಮುಂಚೆಯೇ ಬಂದರು, ನಿಂತು ಬಡಿಸಿದರು. ದೊಡ್ಡಪ್ಪನ ಮೊಮ್ಮಗ ಮಾತ್ರ ಊಟದ ಹೊತ್ತಿಗೆ ಬಂದವನು, ಅವರನ್ನೇ ತಡೆದು "ಬಾಳೆಲೆ ಹಾಕಿದಾರಾ, ಇಲ್ಲಾ ಇನ್ನೂ ಹೊತ್ತಾಗುತ್ತಾ? ನೀವು ಮನೆಯವರಲ್ವಾ, ಸ್ವಲ್ಪ ವಿಚಾರಿಸಿ" ಅಂದನಂತೆ.

ಚಿಕ್ಕಪೇಟೆ: ಸೀರೆಯ ಮರೆಯಲ್ಲಿ

ರಾತ್ರಿ ದೊಡ್ಡಪ್ಪನ ಮೊಮ್ಮಗನ ಮನೆ ಹುಡುಕಿ, ಕಾರ್ಡು ಕೊಟ್ಟು ಅಲ್ಲೇ ಉಳಿದೆವು. ಮಾರನೆಯ ದಿನ ಬೆಳಿಗ್ಗೆ ಎದ್ದ ಕೂಡಲೇ ಅತ್ತಿಗೆ "ಇವತ್ತಾದ್ರೂ ಅವನ ಮನೆಗೆ ಮೊದ್ಲು ಹೋಗಾನಾ?" ಅಂದಳು. ನಾನು ಚಿಕ್ಕಪೇಟೆ ಮಧ್ಯಾಹ್ನ ಆದರೆ ಕಾಲಿಡಲು ಜಾಗ ಇರುವುದಿಲ್ಲವೆಂದು ಹೇಳಿ ಅಲ್ಲಿಗೆ ಎಳೆದೊಯ್ದೆ. ಸುಳ್ಳೇನಲ್ಲ. ಬೆಳಿಗ್ಗೆಯೂ ಇರಲಿಲ್ಲ.

ಅಲ್ಲೊಂದು ಸೀರೆ ಅಂಗಡಿಯಲ್ಲಿ ನಮ್ಮ ದೂರದ ನೆಂಟನೊಬ್ಬ ಸೀರೆ ತೋರಿಸುವ ಕೆಲಸಕ್ಕಿದ್ದಾನೆ. ನಮ್ಮನ್ನು ನೋಡಿ ಅವನ ಮುಖ ಅರಳಿ, ಗಲ್ಲಾದಲ್ಲಿ ಕೂತ ಮಾಲೀಕನನ್ನು ನೋಡಿ ಹಾಗೇ ಮುದುಡಿತು. ಕೆಲಸದ ಹೊತ್ತಿನಲ್ಲಿ ನೆಂಟರ ಜೊತೆ ಮಾತಾಡುವ ಹಾಗಿಲ್ಲವಂತೆ. ನಮ್ಮನ್ನು ಹಾಸಿದ ಗಾದಿಯ ಮೇಲೆ ಕೂರಿಸಿ, ಫಟ್ ಎಂದು ಒಂದು ಸೀರೆ ಬಿಚ್ಚಿದ.

"ಇದು ನೋಡಿ ಮೇಡಂ, ಹೊಸ ಡಿಸೈನ್" ಎಂದು ಕೂಗಿ, ಸೆರಗಿನ ಹಿಂದೆ ದನಿ ತಗ್ಗಿಸಿ, "ಅಕ್ಕ, ನಮ್ಮವ್ವನ ಕಣ್ ಆಪರೇಸನ್ ಆಯ್ತಂತಾ?" ಅಂದ.

"ಆಯ್ತು ಕಣಪ್ಪ, ಈಗ ಸೂಜಿಗೆ ದಾರ ಹಾಕ್ತಾಳೆ."

ಇನ್ನೊಂದು ಸೀರೆ. "ಬಾರ್ಡರ್ ನೋಡಿ! ಅಕ್ಕ, ಬೋರಲ್ಲಿ ನೀರು ಬಿತ್ತಾ?"

"ಬಿತ್ತು."

ಹೀಗೆ ಊರಿನ ಸಮಾಚಾರ ಪೂರ್ತಿ ಮುಗಿಯುವಷ್ಟರಲ್ಲಿ ನಮ್ಮ ಮುಂದೆ ಮೊಣಕಾಲೆತ್ತರ ಸೀರೆ ಬಿದ್ದಿತ್ತು. ಅತ್ತಿಗೆ ಒಂದು ಸೀರೆಯ ಅಡಿಯಿಂದ ಕಾರ್ಡು ತಳ್ಳಿದಳು, ಅವನು ಅದೇ ಅಡಿಯಿಂದ ತೆಗೆದುಕೊಂಡ. ಹೊರಡಲು ಎದ್ದಾಗ ಮಾಲೀಕ ಗಲ್ಲಾ ಬಿಟ್ಟು ಬಂದ. "ಏನ್ ಸ್ವಾಮಿ, ಇಷ್ಟು ತೋರಿಸಿದ್ರೂ ಒಂದೂ ಒಪ್ಪಿಗೆ ಆಗ್ಲಿಲ್ವಾ?"

ಎರಡು ದಿನದಿಂದ ಹೊರಗಿನವರ ಮುಂದೆ ಬಾಯಿ ಬಿಡದ ಅಣ್ಣ ಕೈ ಮುಗಿದು, ಹೆಣ್ಣು ನೋಡಿ ಏಳುವವರ ಹಾಗೆ ಗಂಭೀರವಾಗಿ ಹೇಳಿದ: "ಎಲ್ಲ ಚೆನ್ನಾಗೈತೆ. ಊರಿಗೋಗಿ ತಿಳಿಸ್ತೀವಿ."

ಮಾರತ್ತಹಳ್ಳಿ: ಮನೆಮಂದಿಯೆಲ್ಲ ಬನ್ನಿ

ಮಾರತ್ತಹಳ್ಳಿಯಲ್ಲಿ ಬಸ್ಸು ಇಳಿದರೆ ಬೋರ್ಡುಗಳಲ್ಲಿ ತೆಲುಗು, ಟೀ ಅಂಗಡಿಯಲ್ಲಿ ತೆಲುಗು, ಜಗಳವೂ ತೆಲುಗಿನಲ್ಲೇ. ಅಣ್ಣ ನಿಂತು ಸುತ್ತ ನೋಡಿದ. "ಇದೇನ್ಲಾ, ಸುತ್ತಾಡಿಸಿ ಸುತ್ತಾಡಿಸಿ ಮತ್ತೆ ಅನಂತಪುರಕ್ಕೇ ಕರ್ಕಂಡ್ ಬಂದ್ಬುಟ್ಟಾ?"

ಅತ್ತಿಗೆಯ ದೊಡ್ಡಮ್ಮನ ಮಗಳು ಇಲ್ಲಿ ಹುಡುಗರ ಪೀಜಿ ನಡೆಸುತ್ತಾಳೆ. ನಾವು ಹೋದಾಗ ಹುಡುಗರೆಲ್ಲ ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿದ್ದರು. ಅತ್ತಿಗೆ ಅವಳಿಗೆ ಕುಂಕುಮವಿಟ್ಟು, ಸುತ್ತ ಇದ್ದವರೆಲ್ಲ ತೆಲುಗಿನವರೆಂದು ತಾನೂ ತೆಲುಗಿನಲ್ಲೇ, ರೂಢಿಯಂತೆ "ಮನೆಮಂದಿಯೆಲ್ಲ ಬರಬೇಕು" ಎನ್ನುವುದನ್ನು ಗಟ್ಟಿಯಾಗಿ ಹೇಳಿದಳು: "ಇಂಟ್ಲೋ ಅಂದರೂ ರಾವಾಲಮ್ಮಾ!"

ಸಾಲು ಪೂರ್ತಿ ತಿರುಗಿ ನೋಡಿತು. ಅಣ್ಣ ಬೆರಳು ಮಡಿಚಿ ತಲೆ ಎಣಿಸತೊಡಗಿ, ಎರಡು ಕೈ ಸಾಲದೆ ಬಿಟ್ಟ. ಮುಂದಿದ್ದ ಹುಡುಗ ಬಹಳ ಮರ್ಯಾದೆಯಿಂದ "ಆಂಟೀ, ನಮಗೆಲ್ಲ ಬೇರೆ ಬೇರೆ ಕಾರ್ಡು ಯಾಕೆ ಖರ್ಚು, ಲೊಕೇಶನ್ ಒಂದು ಕಳಿಸಿಬಿಡಿ ಸಾಕು" ಅಂದ.

ಬನಶಂಕರಿ: ಸೋದರಮಾವ

ಇನ್ನು ಮುಂದೂಡಲು ಯಾವ ಏರಿಯಾವೂ ಉಳಿದಿರಲಿಲ್ಲ. ಮಧ್ಯಾಹ್ನ ಮೂರಕ್ಕೆ ಬನಶಂಕರಿಯಲ್ಲಿ ಇಳಿದೆವು. ಅಗಲ ರಸ್ತೆ, ಪಾರ್ಕು, ಪಾರ್ಕಿನಲ್ಲಿ ನಡೆಯುವ ಜನ. ಇದನ್ನೆಲ್ಲ ಆಮೇಲೆ ನೆನಪು ಮಾಡಿಕೊಂಡದ್ದು. ಅವತ್ತು ನನ್ನ ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಅತ್ತಿಗೆ ದಾರಿಯುದ್ದಕ್ಕೂ ಕುಂಕುಮದ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

ಮೊದಲನೇ ಮಹಡಿಯ ಮನೆ. ಅವನ ಹೆಂಡತಿ ಅತ್ತಿಗೆಯನ್ನು ಕಂಡು ಅಪ್ಪಿಕೊಂಡಳು. ಅವನು ಹಾಲಿನಲ್ಲಿ ಕುರ್ಚಿಯ ಮೇಲೆ ಕೂತು ಪೇಪರನ್ನು ಅಗಲಕ್ಕೆ ಬಿಚ್ಚಿ ಮುಖ ಮುಚ್ಚಿಕೊಂಡ.

"ಯಾರು ಬಂದವ್ರೆ?" ಎಂದು ಪೇಪರಿನ ಹಿಂದಿನಿಂದಲೇ ಹೆಂಡತಿಯನ್ನು ಕೇಳಿದ. ನಾವು ಮೂರಡಿ ದೂರದಲ್ಲಿ ನಿಂತಿದ್ದೆವು.

"ನಿಮ್ಮಕ್ಕ."

"ಯಾವಕ್ಕ? ನಂಗೆ ಅಕ್ಕ ಅಂತ ಇದ್ದಿದ್ರೆ ಹನ್ನೊಂದು ವರ್ಷದಲ್ಲಿ ಒಂದಿನಾದ್ರೂ ಬತ್ತಿದ್ಳು."

ನಾನು ಮುಂದೆ ಬಂದು "ತಪ್ಪು ನಂದು ಕಣಪ್ಪ, ಅವತ್ತು ಫೋನು ಮಾಡಿದ್ದು ನಾನೇ" ಅಂದೆ.

"ಹಂಗಾದ್ರೆ ಮದ್ವೇನೂ ಫೋನಲ್ಲೇ ಮಾಡ್ಕಳಿ. ನಾನು ಇಲ್ಲಿಂದ್ಲೇ ಫೋನಲ್ಲೇ ಹುಡುಗೀನ ಹೊತ್ಕಂಡ್ ಬತ್ತೀನಿ."

ಅತ್ತಿಗೆ ಕಾರ್ಡು ಚಾಚಿಕೊಂಡು ನಿಂತಳು. "ಚಿಕ್ಕೋಳಿದ್ದಾಗ ನಿನ್ ಹೆಗಲ ಮೇಲೇ ಬೆಳೆದ ಹುಡುಗಿ ಕಣಪ್ಪ" ಅಂದಳು. "ನಮ್ಮಪ್ಪ ಇಲ್ಲ, ಅವ್ವ ಇಲ್ಲ, ನೀನೇ ನನ್ ತೌರು" ಅಂದಳು. ಪೇಪರು ಇಳಿಯಲಿಲ್ಲ, ಒಂದು ಹಾಳೆ ಮಗುಚಿತು ಅಷ್ಟೆ. ಕಾಲು ಗಂಟೆ ಹಾಗೇ ನಿಂತಳು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಆಮೇಲೆ ಅತ್ತಿಗೆಯ ಕಣ್ಣೀರು ನಿಂತು ಸಿಟ್ಟು ಬಂತು. ಕಾರ್ಡನ್ನು ಚೀಲಕ್ಕೆ ವಾಪಸ್ ತುರುಕಿದಳು.

"ಆಯ್ತು, ಬರ್ಬ್ಯಾಡ ಬುಡು. ಎಂಗಿದ್ರೂ ಈಗ ನಿನ್ ಕೈಲಿ ಆಗಾಕಿಲ್ಲ. ಹೊಟ್ಟೆ ಬಂದದೆ, ಕೂದ್ಲು ಹೋಗ್ಯದೆ. ಹುಡುಗಿ ಅರವತ್ತು ಕೇಜಿ ಅವ್ಳೆ. ನಡು ದಾರೀಲಿ ಕೆಳಗಾಕಿ ಬೀಗರ ಮುಂದೆ ಮಾನ ಕಳೆಯೋದ್ಕಿಂತ ಮನೇಲೇ ಇರು."

ಪೇಪರು ಸರಕ್ಕನೆ ಇಳಿಯಿತು. "ಯಾರ ಕೈಲಿ ಆಗಾಕಿಲ್ಲ?"

"ನಿನ್ ಕೈಲೇ."

"ಕಡ್ಲೆಕಾಯಿ ಮೂಟೇನ ಎರಡೆರಡು ಒಟ್ಟಿಗೆ ಹೊತ್ತೋನು ಕಣಕ್ಕ ನಾನು!"

"ಅದು ಆವಾಗ."

ಅವನು ಧಡಕ್ಕನೆ ಎದ್ದು ಅಡುಗೆ ಮನೆಗೆ ನುಗ್ಗಿದ. ಹೆಂಡತಿ "ಅಯ್ಯೋ, ಬ್ಯಾಡ ಕಣ್ರೀ, ಅದು ಬೆಳಿಗ್ಗೆ ತಾನೇ ಬಂದೈತೆ" ಎಂದು ಕೂಗಿಕೊಂಡಳು. ತುಂಬಿದ ಗ್ಯಾಸ್ ಸಿಲಿಂಡರನ್ನು ಮದುಮಗಳನ್ನು ಎತ್ತುವ ಹಾಗೆಯೇ ಎರಡೂ ತೋಳಿನ ಮೇಲೆ ಅಡ್ಡಲಾಗಿ ಎತ್ತಿಕೊಂಡು ಹಾಲಿಗೆ ಬಂದ. ಅಣ್ಣ ತನಗೆ ತಿಳಿಯದೆಯೇ ಕುರ್ಚಿ ಸರಿಸಿ ದಾರಿ ಬಿಟ್ಟ. ಅವನು ಎದೆಯುಬ್ಬಿಸಿ, ಹೆಜ್ಜೆ ಮೇಲೆ ಹೆಜ್ಜೆ ಇಟ್ಟು, ಟೀವಿಯವರೆಗೆ ಹೋಗಿ ಒಂದು ಸುತ್ತು ಬಂದ.

"ನೋಡಿದ್ಯಾ?"

"ಇದು ಹುಡುಗಿ ಅರ್ಧ ತೂಕಾನೂ ಇಲ್ಲ" ಅಂದಳು ಅತ್ತಿಗೆ.

"ಹಂಗಾದ್ರೆ ಎರಡು ಸುತ್ತು ಹಾಕ್ತೀನಿ, ಲೆಕ್ಕ ಸಮ ಆಯ್ತದೆ."

ಎರಡನೇ ಸುತ್ತೂ ಮುಗಿಸಿದ. ಸಿಲಿಂಡರನ್ನು ಸರಿಯಾಗಿ ಅಕ್ಕನ ಕಾಲ ಬಳಿ ಇಳಿಸಿದ. ಇಳಿಸಲು ಬಗ್ಗಿದವನು ಏಳಲಿಲ್ಲ. ಬಗ್ಗಿದ ಹಾಗೆಯೇ, ತಲೆ ಅತ್ತಿಗೆಯ ಪಾದದ ಕಡೆ ಮಾಡಿ ನಿಂತುಬಿಟ್ಟ.

ಅತ್ತಿಗೆಯ ಕಣ್ಣು ತುಂಬಿತು. ಹನ್ನೊಂದು ವರ್ಷದ ಮುನಿಸು ಬಿಟ್ಟು ತಮ್ಮ ಕಾಲಿಗೆರಗಿದ್ದಾನೆ! ಅವನ ತಲೆಯ ಮೇಲೆ ಕೈಯಿಟ್ಟು "ಸಾಕು ಏಳಪ್ಪ, ನೂರು ವರ್ಷ ಬಾಳು, ನಿನ್ ಹೊಟ್ಟೆ ತಣ್ಣಗಿರ್ಲಿ" ಎಂದು ಬಿಕ್ಕಿ ಬಿಕ್ಕಿ ಅತ್ತಳು. ಚೀಲದಲ್ಲಿದ್ದ ಅಕ್ಷತೆಯನ್ನೆಲ್ಲ ಅವನ ಮೇಲೆ ಸುರಿದಳು. ಅವನು ಏಳಲಿಲ್ಲ. "ಸಾಕು ಏಳಪ್ಪ, ಎಷ್ಟೊತ್ತು ಅಂತ ಕಾಲಿಗೆ ಬೀಳ್ತೀಯ" ಎಂದು ಮತ್ತೆ ಅತ್ತಳು.

ಕೆಳಗಿನಿಂದ ಸಣ್ಣ ದನಿ ಬಂತು. "ಅಕ್ಕ, ಆಶೀರ್ವಾದ ಆಮ್ಯಾಕೆ ಮಾಡೀಯಂತೆ. ಮೊದ್ಲು ನನ್ನ ಎತ್ತು. ಸೊಂಟ ಹಿಡ್ಕಂಬುಟ್ಟದೆ."

ನಾವು ಮೂವರೂ ಸೇರಿ ಅವನನ್ನು ಹಾಗೇ ಮಡಿಚಿದ ಆಕಾರದಲ್ಲೇ ಎತ್ತಿ ಮಂಚದ ಮೇಲೆ ಮಲಗಿಸಿದೆವು. ಅತ್ತಿಗೆ ಅಳುತ್ತಾ ನಗುತ್ತಾ ಸೊಂಟಕ್ಕೆ ಎಣ್ಣೆ ತಿಕ್ಕಿದಳು. ತಿಕ್ಕುತ್ತಲೇ ಅವನ ಹಣೆಗೆ ಕುಂಕುಮವಿಟ್ಟು ಕಾರ್ಡು ಕೈಗಿತ್ತಳು. ಅವನು ಗಟ್ಟಿಯಾಗಿ ಹಿಡಿದುಕೊಂಡ.

"ಬತ್ತೀಯಾ?"

"ಎದ್ರೆ ಬತ್ತೀನಿ."

ಮೂರು ವಾರಕ್ಕೆ ಎದ್ದ, ಬಂದ. ಸೊಂಟಕ್ಕೆ ಅಗಲವಾದ ಬೆಲ್ಟು, ಅದರ ಮೇಲೆ ರೇಷ್ಮೆ ಪಂಚೆ. ಒಂದು ಚೊಂಬು ನೀರು ಕೂಡ ಎತ್ತಕೂಡದೆಂದು ಡಾಕ್ಟರು ಹೇಳಿದ್ದರಂತೆ. ಕಲ್ಯಾಣದುರ್ಗದ ಛತ್ರದಲ್ಲಿ ವಾಲಗ ಶುರುವಾಯಿತು, ಮದುಮಗಳ ಕೋಣೆಯ ಬಾಗಿಲು ತೆರೆಯಿತು. ಹುಡುಗಿ ಒಂದು ಕೈಯಿಂದ ಮಾವನ ಸೊಂಟ ಬಳಸಿದ್ದಾಳೆ, ಮಾವನ ತೋಳು ಅವಳ ಹೆಗಲ ಮೇಲಿದೆ, ಅವನ ಅರ್ಧ ಭಾರ ಅವಳ ಮೇಲೆಯೇ. ಇಬ್ಬರೂ ಒಂದೊಂದೇ ಹೆಜ್ಜೆ ಇಟ್ಟು ಮಂಟಪದ ಕಡೆ ಬರುತ್ತಿದ್ದಾರೆ. ಅತ್ತಿಗೆಯ ಮುಖದಲ್ಲಿ ಅವತ್ತು ಕಂಡ ಸಂತೋಷವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಗಂಡಿನ ಕಡೆಯ ಹಿರಿಯರೊಬ್ಬರಿಗೆ ತಡೆಯಲಾಗಲಿಲ್ಲ. "ಏನ್ರೀ ಇದು, ಮಾವ ಹುಡುಗೀನ ಹೊತ್ಕಂಡ್ ಬರೋದು ನೋಡಿದ್ದೀವಿ. ನಿಮ್ ಕಡೆ ಹುಡುಗಿ ಮಾವನ್ನ ಹೊತ್ಕಂಡ್ ಬತ್ತಾಳಾ?"

ಸೋದರಮಾವ ಅಲ್ಲೇ ನಿಂತ. ಬೆಲ್ಟು ಸರಿಮಾಡಿಕೊಂಡ. ಇಡೀ ಛತ್ರಕ್ಕೆ ಕೇಳುವ ಹಾಗೆ ಹೇಳಿದ:

"ಹೊರೋ ಶಾಸ್ತ್ರ ಬೆಂಗಳೂರಲ್ಲೇ ಎರಡು ಸುತ್ತು ಮುಗಿಸ್ಬುಟ್ಟಿದ್ದೀನಿ ಸ್ವಾಮಿ. ಇವತ್ತು ಬರೀ ಬರೋ ಶಾಸ್ತ್ರ."